ಒಂದೇ ತೂಕದ ಎರಡು ಕಲ್ಲು

ಮೂಡುಬಿದಿರೆಯಲ್ಲಿ ಬಂಗಾರದ ಅಂಗಡಿ ಇಟ್ಟವರಿಗೆಲ್ಲ ಲೋಲಾಕ್ಷಿಯ ಹೆಸರು ಗೊತ್ತು. ಅಲ್ಲಿಗೆ ಬರುವ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಹೊಳೆಯುವ ಉಂಗುರ, ಬೆಂಡೋಲೆ, ಮೂಗುತಿಗಳಿಗೆ ಕಲ್ಲು ಕೂರಿಸಿದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟಡದ ಮೊದಲ ಮಹಡಿಯಲ್ಲಿ, ಎಂಟು ಅಡಿ ಅಗಲದ ಕೋಣೆಯಲ್ಲಿ ಕೂತ ಒಬ್ಬ ಹೆಂಗಸು ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಅವಳು ಹುಟ್ಟಿದ್ದು ಅಕ್ಕಸಾಲಿಗರ ಮನೆಯಲ್ಲಲ್ಲ. ಬೆಳ್ತಂಗಡಿ ತಾಲೂಕಿನ ಗುಡ್ಡದ ಬದಿಯ ಕೃಷಿಕರ ಮನೆ ಅವಳದು. ಹತ್ತನೇ ತರಗತಿಯ ಲೆಕ್ಕದಲ್ಲಿ ಎರಡು ಸಲ ಫೇಲಾದ ಮೇಲೆ ಮೂಡುಬಿದಿರೆಯ ಚಿಕ್ಕಮ್ಮನ ಮನೆಗೆ ಬಂದಳು. ಅಲ್ಲಿಂದ ಬಂಗಾರದ ಕೆಲಸ ಮಾಡುವ ಒಬ್ಬ ಮುದಿ ಆಚಾರಿಯ ಕೋಣೆಗೆ ಗುಡಿಸುವ ಕೆಲಸಕ್ಕೆ ಸೇರಿದಳು. ಆ ಕೋಣೆಯ ಧೂಳನ್ನು ಹೊರಗೆ ಚೆಲ್ಲುವ ಹಾಗಿರಲಿಲ್ಲ, ಅದರಲ್ಲಿ ಬಂಗಾರದ ಪುಡಿ ಇರುತ್ತಿತ್ತು. ಒಂದು ಮಧ್ಯಾಹ್ನ ಆಚಾರಿ ಸಾಸಿವೆಗಿಂತ ಚಿಕ್ಕ ಕಲ್ಲುಗಳ ಒಂದು ಪೊಟ್ಟಣ ಬಿಚ್ಚಿ, ಗಾತ್ರದ ಪ್ರಕಾರ ಬೇರೆ ಮಾಡಲು ಜರಡಿ ಹುಡುಕುತ್ತಿದ್ದರು. ಜರಡಿ ಸಿಗುವಷ್ಟರಲ್ಲಿ ಲೋಲಾಕ್ಷಿ ಬರಿಗಣ್ಣಿನಲ್ಲೇ ನಾಲ್ಕು ಗುಂಪು ಮಾಡಿಟ್ಟಿದ್ದಳು. ಆಚಾರಿ ಆಮೇಲೆ ಜರಡಿ ಹಿಡಿದು ನೋಡಿದರು. ನೂರ ಅರುವತ್ತು ಕಲ್ಲುಗಳಲ್ಲಿ ತಪ್ಪಿದ್ದು ಎರಡೇ.

"ನಾಳೆಯಿಂದ ಹಿಡಿಸೂಡಿ ಬೇಡ, ಚಿಮ್ಮಟ ಹಿಡಿ" ಎಂದರು ಆಚಾರಿ.

ಇದು ನಡೆದು ಮೂವತ್ತಾರು ವರ್ಷವಾಯಿತು. ಆಚಾರಿ ತೀರಿಕೊಂಡರು, ಅವರ ಮಕ್ಕಳು ಬೇರೆ ಕೆಲಸ ಹಿಡಿದರು. ಲೋಲಾಕ್ಷಿ ಸ್ವಂತ ಕೋಣೆ ಮಾಡಿಕೊಂಡಳು. ಗಂಡ ತುಕ್ರಪ್ಪ ಬಸ್‌ಸ್ಟ್ಯಾಂಡಿನಲ್ಲಿ ಆಟೋ ಇಟ್ಟಿದ್ದಾನೆ. ಈ ಕಸುಬಿಗೆ ಬೋರ್ಡು, ಜಾಹೀರಾತು ಇಲ್ಲ. ಕಲ್ಲನ್ನು ನಂಬಿ ಕೊಡುತ್ತಾರೆ, ಅದೇ ಕಲ್ಲನ್ನು ತಿರುಗಿ ಕೊಡಬೇಕು, ಅಷ್ಟೆ. ಆ ನಂಬಿಕೆ ಒಂದು ಸಲ ಹೋದರೆ ಅಂದಿಗೇ ಕೋಣೆಗೆ ಬೀಗ ಹಾಕಬಹುದು.

ಕಳೆದ ಮಳೆಗಾಲದಲ್ಲಿ ಅವಳ ಬಲಗಣ್ಣಿಗೆ ಪೊರೆಯ ಆಪರೇಶನ್ ಆಯಿತು. ಹೊಸ ಲೆನ್ಸ್ ಕೂರಿಸಿದರು. ಡಾಕ್ಟರು ಕೆಲಸ ಮಾಡಬಹುದು ಎಂದ ಮೇಲೆಯೂ ಅವಳು ಎರಡು ವಾರ ಕಾದಳು. ಬಿಳಿ ಈಗ ಮೊದಲಿಗಿಂತ ಬಿಳಿಯಾಗಿ, ಸ್ವಲ್ಪ ನೀಲಿ ಕಟ್ಟಿದ ಹಾಗೆ ಕಾಣುತ್ತಿತ್ತು. ಆಗ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಸುರಕ್ಷಾಳ ಉಂಗುರವೂ ಒಂದು.

ಸುರಕ್ಷಾ ಸಿದ್ದಕಟ್ಟೆಯ ಕಾಂತಿ ಮತ್ತು ಲೋಕನಾಥ ದಂಪತಿಯ ಎರಡನೇ ಮಗಳು, ಮೂಡುಬಿದಿರೆಯಲ್ಲೇ ಹಲ್ಲಿನ ಡಾಕ್ಟರು. ಲೋಕನಾಥ ಇಪ್ಪತ್ತೆರಡು ವರ್ಷ ಮಸ್ಕತ್ತಿನಲ್ಲಿ ಹೋಟೆಲ್ ನಡೆಸಿ ಊರಿಗೆ ಮರಳಿದವರು. ಅಲ್ಲಿರುವಾಗ ಅವರು ನಾಲ್ಕು ವರ್ಷದ ಅಂತರದಲ್ಲಿ ಎರಡು ವಜ್ರ ಕೊಂಡಿದ್ದರು. ಒಂದು ದೊಡ್ಡವಳು ನಿಖಿತಾಳಿಗೆ, ಒಂದು ಸುರಕ್ಷಾಳಿಗೆ. ಎರಡೂ ತೂಕದಲ್ಲಿ ಸರಿಯಾಗಿ ಒಂದೊಂದು ಕ್ಯಾರೆಟ್. ಮಕ್ಕಳಲ್ಲಿ ಭೇದ ಮಾಡಬಾರದು ಎಂಬುದು ಅವರ ಹಟ. ನಿಖಿತಾಳ ಕಲ್ಲು ಮೊದಲಿನಿಂದಲೂ ಉಂಗುರದಲ್ಲಿತ್ತು. ಸುರಕ್ಷಾಳದ್ದು ಒಂದು ಪದಕದಲ್ಲಿ, ಸುತ್ತ ಹದಿನಾಲ್ಕು ಸಣ್ಣ ಕಲ್ಲುಗಳ ನಡುವೆ ಇತ್ತು. ನಿಶ್ಚಿತಾರ್ಥ ಗೊತ್ತಾದ ಮೇಲೆ ಆ ನಡುವಿನ ಕಲ್ಲನ್ನು ತೆಗೆದು ಉಂಗುರ ಮಾಡಲು ಕಾಂತಿಯೇ ಲೋಲಾಕ್ಷಿಯ ಕೈಗೆ ಕೊಟ್ಟದ್ದು. "ದಿನಾ ಗ್ಲೌಸ್ ಹಾಕ್ತೇನೆ, ಕಲ್ಲು ಹಿಡಿಯುವ ಕೊಕ್ಕೆ ಇದ್ರೆ ಹರೀತದೆ. ಸುತ್ತ ಬಂಗಾರದ ಅಂಚು ಕಟ್ಟಿ" ಎಂದಿದ್ದಳು ಸುರಕ್ಷಾ. ಲೋಲಾಕ್ಷಿ ಹಾಗೆಯೇ ಮಾಡಿಕೊಟ್ಟಿದ್ದಳು.

ನಿಶ್ಚಿತಾರ್ಥ ಕಳೆದ ಮೂರನೇ ದಿನ, ಶುಕ್ರವಾರ ಬೆಳಿಗ್ಗೆ, ಕಾಂತಿ ಮಗಳನ್ನು ಕರೆದುಕೊಂಡು ಕೋಣೆಗೆ ಬಂದರು. ಬೇರೆ ದಿನವಾದರೆ ಮೆಟ್ಟಿಲು ಹತ್ತುವಾಗಲೇ "ಲೋಲಾಕ್ಷೀ, ಇದ್ದೀಯಾ?" ಎಂದು ಕೂಗುವವರು. ಅಂದು ಸುಮ್ಮನೆ ಬಂದು ಬಾಗಿಲಲ್ಲಿ ನಿಂತರು.

"ನಿಮ್ಮತ್ರ ಒಂದು ವಿಷಯ ಕೇಳ್ಲಿಕ್ಕುಂಟು" ಎಂದರು.

ಇಪ್ಪತ್ತು ವರ್ಷ 'ನೀನು' ಎಂದು ಕರೆದವರ ಬಾಯಲ್ಲಿ 'ನೀವು' ಕೇಳಿದಾಗಲೇ ಲೋಲಾಕ್ಷಿ ಕೈಯಲ್ಲಿದ್ದ ಚಿಮ್ಮಟ ಕೆಳಗಿಟ್ಟಳು. ಕಾಂತಿ ಚೀಲದಿಂದ ಎರಡು ಉಂಗುರ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ಇದು ನಿಖಿತಾಂದು. ಇದು ನೀವು ಮಾಡಿ ಕೊಟ್ಟದ್ದು. ಎರಡೂ ಒಂದು ಕ್ಯಾರೆಟ್. ಫೋಟೋ ತೆಗೀಲಿಕ್ಕೆ ಅಕ್ಕತಂಗಿ ಕೈ ಜೋಡಿಸಿದಾಗ ಗಂಡಿನ ಕಡೆಯ ಅತ್ತೆ ಎಲ್ಲರ ಎದುರೇ ಕೇಳಿದ್ರು, ಸಣ್ಣವಳಿಗೆ ಸಣ್ಣ ಕಲ್ಲಾ ಅಂತ. ನಂಗೆ ಮುಖ ಎಲ್ಲಿಡುದು ಅಂತ ಆಯ್ತು."

ಲೋಲಾಕ್ಷಿ ನೋಡಿದಳು. ಭೂತಗನ್ನಡಿ ಬೇಕಿರಲಿಲ್ಲ. ವ್ಯತ್ಯಾಸ ಕಣ್ಣಿಗೆ ಹೊಡೆಯುವ ಹಾಗಿತ್ತು. ನಿಖಿತಾಳ ಕಲ್ಲು ಅಗಲವಾಗಿ, ಅಂಚಿನವರೆಗೂ ಬೆಳಗುತ್ತಿತ್ತು. ಸುರಕ್ಷಾಳದ್ದು ಕುಗ್ಗಿದ ಹಾಗೆ, ನಡುವೆ ಸ್ವಲ್ಪ ಕಪ್ಪಾಗಿ ಕಾಣುತ್ತಿತ್ತು.

"ನಾನು ನಿಮ್ಮ ಮೇಲೆ ಹೇಳುದಲ್ಲ. ಆದ್ರೆ ಪದಕದಲ್ಲಿದ್ದಾಗ ಎಷ್ಟು ದೊಡ್ಡದಿತ್ತು! ಈಗ ಯಾಕೆ ಹೀಗೆ?" ಎಂದರು ಕಾಂತಿ.

"ಅಮ್ಮ, ಮೆಲ್ಲ" ಎಂದಳು ಸುರಕ್ಷಾ. ಅವಳು ಮೇಜಿನ ಕಡೆ ನೋಡುತ್ತಿರಲಿಲ್ಲ.

ಲೋಲಾಕ್ಷಿ ಸುರಕ್ಷಾಳ ಉಂಗುರವನ್ನು ಎತ್ತಿ ಅಲ್ಲೇ ಇಟ್ಟಳು. "ಕಾಂತಕ್ಕ, ನೀವು ಕೊಟ್ಟ ಕಲ್ಲನ್ನೇ ಕೂರಿಸಿದ್ದು" ಎಂದಳು. ಅಷ್ಟು ಹೇಳುವಾಗಲೇ ತನ್ನ ಮಾತು ತನಗೇ ಗಟ್ಟಿಯಾಗಿ ಕೇಳಿಸಲಿಲ್ಲ. "ಅದರ ಸರ್ಟಿಫಿಕೇಟ್ ಕಾಗದ ಉಂಟಲ್ಲ, ಅದರಲ್ಲಿ ಎಲ್ಲ ಬರೆದಿರ್ತದೆ."

ಕಾಗದ ಬಿ.ಸಿ. ರೋಡಿನ ಬ್ಯಾಂಕಿನ ಲಾಕರಿನಲ್ಲಿತ್ತು. ಲೋಕನಾಥ ಅಂದು ಮಂಗಳೂರಿಗೆ ಹೋಗಿದ್ದರು, ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ಕಾಗದ ತೆಗೆದು, ಅಲ್ಲೇ ಬಿ.ಸಿ. ರೋಡಿನಲ್ಲಿ ಕಲ್ಲು ಪರೀಕ್ಷೆ ಮಾಡುವ ರಂಜಿತನ ಹತ್ತಿರ ಹೋಗುವುದೆಂದು ತೀರ್ಮಾನವಾಯಿತು. "ನನ್ನ ತಕ್ಕಡಿಯಲ್ಲಿ ಬೇಡ, ಅವನಲ್ಲೇ ತೂಗುವ" ಎಂದು ಲೋಲಾಕ್ಷಿಯೇ ಹೇಳಿದಳು. ಕಾಂತಿ ಎರಡೂ ಉಂಗುರಗಳನ್ನು ಚೀಲಕ್ಕೆ ಹಾಕಿಕೊಂಡು ಇಳಿದುಹೋದರು.

ಅವರು ಹೋದ ಮೇಲೆ ಅವಳಿಗೆ ನಿಜವಾದ ಭಯ ಶುರುವಾಯಿತು. ಕಲ್ಲು ಬದಲಾಯಿಸಿಲ್ಲ ಎಂಬುದು ಗೊತ್ತಿತ್ತು. ಆದರೆ ತಪ್ಪಿ ಬದಲಾಗಿದ್ದರೆ? ಸುರಕ್ಷಾಳ ಕಲ್ಲು ಕೂರಿಸಿದ ದಿನ ಅವಳ ಮೇಜಿನಲ್ಲಿ ಇನ್ನೊಂದು ದುಂಡು ಬಿಳಿ ಕಲ್ಲೂ ಇತ್ತು. ಬಂಟ್ವಾಳ ಪೇಟೆಯ ನಫೀಸಮ್ಮನ ಪದಕದಿಂದ ಕಳಚಿದ್ದು, ಅಮೆರಿಕನ್ ಡೈಮಂಡ್, ಅಂದರೆ ವಜ್ರದ ಹಾಗೆ ಕಾಣುವ ಅಗ್ಗದ ಕಲ್ಲು. ಗಾತ್ರವೂ ಹೆಚ್ಚು ಕಡಿಮೆ ಅಷ್ಟೇ. ಎರಡನ್ನೂ ಅವಳು ಒಂದೇ ಮಧ್ಯಾಹ್ನ ಕೂರಿಸಿದ್ದಳು. ಕಣ್ಣಿಗೆ ಹೊಸ ಲೆನ್ಸ್ ಬಂದು ಎರಡು ತಿಂಗಳೂ ಆಗಿರಲಿಲ್ಲ. ಎಲ್ಲ ಬಿಳಿಯೂ ಒಂದೇ ಥರ ಮಿಂಚುತ್ತಿದ್ದ ದಿನಗಳವು.

ಊಟಕ್ಕೆ ಬಂದ ತುಕ್ರಪ್ಪ ಹೆಂಡತಿಯ ಬಟ್ಟಲಲ್ಲಿ ಅನ್ನ ಹಾಗೆಯೇ ಇರುವುದನ್ನು ನೋಡಿ ಕೇಳಿದ. ಅವಳು ಎಲ್ಲವನ್ನೂ ಹೇಳಿದಳು.

"ನಾಳೆ ಬೆಳಿಗ್ಗೆ ನಫೀಸಮ್ಮನಲ್ಲಿಗೆ ಹೋಗುವ" ಎಂದ ತುಕ್ರಪ್ಪ. "ಸೋಮವಾರದವರೆಗೆ ಹೀಗೆ ಕೂತ್ರೆ ನೀನು ಉಳೀಲಿಕ್ಕಿಲ್ಲ ಮಾರಾಯ್ತಿ."

"ಹೋಗಿ ಎಂತ ಹೇಳುದು? ನಿಮ್ಮ ಕುತ್ತಿಗೆಯಲ್ಲಿ ಬೇರೆಯವರ ವಜ್ರ ಉಂಟಾ ಅಂತ ಕೇಳುದಾ?"

"ಇದ್ದದ್ದು ಇದ್ದ ಹಾಗೆ ಹೇಳು. ನೀನು ಕದ್ದದ್ದಲ್ಲವಲ್ಲ."

ಶನಿವಾರ ಬೆಳಿಗ್ಗೆ ಆಟೋದಲ್ಲಿ ಹೊರಟರು. ಸಿದ್ದಕಟ್ಟೆ ಬಂದಾಗ ಲೋಲಾಕ್ಷಿ ಕಾಂತಿಯ ಮನೆಯ ದಾರಿಯ ಕಡೆ ತಿರುಗದೆ ಮುಖವನ್ನು ಈಚೆ ಹಾಕಿ ಕೂತಳು. ಬಂಟ್ವಾಳ ಪೇಟೆಯಲ್ಲಿ ನಫೀಸಮ್ಮನ ಮನೆ ಹೊಳೆಗೆ ಬೆನ್ನು ಹಾಕಿ ನಿಂತಿದೆ. ಎಪ್ಪತ್ತು ದಾಟಿದ ಆ ಹೆಂಗಸು ಇಬ್ಬರನ್ನೂ ಒಳಗೆ ಕೂರಿಸಿ, ಲಿಂಬೆ ಶರಬತ್ತು ಮಾಡಲು ಸೊಸೆಗೆ ಹೇಳಿ, ಲೋಲಾಕ್ಷಿಯ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಕುತ್ತಿಗೆಯಿಂದ ಸರ ತೆಗೆದು ಅವಳ ಅಂಗೈಗೆ ಹಾಕಿದರು.

"ನೋಡು. ಇದು ವಜ್ರ ಆದ್ರೆ ನಂಗೇ ಲಾಭ. ಆದ್ರೂ ಸರಿಯಾಗಿ ನೋಡು" ಎಂದು ನಕ್ಕರು.

ಲೋಲಾಕ್ಷಿ ಕಿಟಕಿಯ ಬೆಳಕಿಗೆ ಹೋಗಿ, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿದಳು. ಕಲ್ಲನ್ನು ಮೆಲ್ಲ ತಿರುಗಿಸಿ ನೋಡಿದಳು. ಕಲ್ಲಿನ ಮುಖದಲ್ಲಿ ಕೂದಲೆಳೆಯಂಥ ಗೀರುಗಳಿದ್ದವು. ಮುಖಗಳು ಕೂಡುವ ಗೆರೆಗಳು ಸವೆದು ಮೊಂಡಾಗಿದ್ದವು. ವರ್ಷಗಟ್ಟಲೆ ಮೈಮೇಲಿದ್ದರೂ ವಜ್ರದ ಗೆರೆ ಹೀಗೆ ಸವೆಯುವುದಿಲ್ಲ. ಕಲ್ಲಿನ ಮೇಲೆ ಬಾಯಿಂದ ಹಬೆ ಊದಿದಳು. ವಜ್ರವಾದರೆ ಕ್ಷಣದಲ್ಲಿ ಹಬೆ ಹಾರಿಹೋಗಬೇಕು. ಇಲ್ಲಿ ಅದು ಮಬ್ಬಾಗಿ ನಿಂತು, ನಿಧಾನಕ್ಕೆ ಕರಗಿತು.

"ಇದು ನಿಮ್ಮದೇ" ಎಂದಳು. ಹೇಳುವಾಗಲೇ ಕಣ್ಣಲ್ಲಿ ನೀರು ಬಂತು.

"ಛೆ, ನನ್ನ ಲಾಭ ಹೋಯ್ತಲ್ಲ" ಎಂದು ನಫೀಸಮ್ಮ ಅವಳ ಬೆನ್ನು ಸವರಿದರು. "ಕುಡಿ, ಮೊದಲು ಶರಬತ್ತು ಕುಡಿ."

ಎದೆಯ ಭಾರ ಅರ್ಧ ಇಳಿದ ಮೇಲೆ, ಆ ಲೋಟ ಕೈಯಲ್ಲಿರುವಾಗಲೇ, ಹಿಂದಿನ ದಿನದಿಂದ ನೆನಪಿಗೆ ಬಾರದ ಒಂದು ಸಂಗತಿ ನೆನಪಾಯಿತು. ಸುರಕ್ಷಾಳ ಕಲ್ಲನ್ನು ಪದಕದಿಂದ ತೆಗೆದಾಗ ಅದರ ಬುಡ ಬಹಳ ಉದ್ದವಿತ್ತು. ಉಂಗುರದಲ್ಲಿಟ್ಟು ನೋಡಿದರೆ ಕೆಳಗಿನ ಮೊನೆ ಬೆರಳಿಗೆ ತಾಗುವಂತಿತ್ತು. ಅದಕ್ಕೆಂದೇ ಅವಳು ಉಂಗುರದ ತಲೆಯನ್ನು ಎತ್ತರಿಸಿ ಕಟ್ಟಿದ್ದಳು. ಒಂದು ಕ್ಯಾರೆಟಿನ ಕಲ್ಲು ಇಷ್ಟು ಆಳವೇ ಎಂದು ಆಗ ಅಂದುಕೊಂಡದ್ದೂ ಹೌದು. ಮಾಡಿದ ಕೆಲಸವೆಲ್ಲ ಕೈಗೆ ನೆನಪಿತ್ತು. ಹೆದರಿಕೆಯಲ್ಲಿ ತಲೆಗೆ ಬಂದಿರಲಿಲ್ಲ.

"ಕಲ್ಲು ಸಣ್ಣದಾದದ್ದಲ್ಲ. ತೂಕ ಎಲ್ಲ ಕೆಳಗೆ ಉಂಟು" ಎಂದಳು ತುಕ್ರಪ್ಪನಿಗೆ.

ಅವನಿಗೆ ಅರ್ಥವಾಗಲಿಲ್ಲ. "ಹಾಗಾದ್ರೆ ಬಿರಿಯಾನಿ ತಿಂದು ಹೋಗುವ" ಎಂದ.

ಸೋಮವಾರ ಹನ್ನೊಂದಕ್ಕೆ ರಂಜಿತನ ಕೋಣೆಯಲ್ಲಿ ಎಲ್ಲರೂ ಸೇರಿದರು. ಕಾಂತಿ, ಸುರಕ್ಷಾ, ಬ್ಯಾಂಕಿನಿಂದ ನೇರ ಬಂದ ಲೋಕನಾಥ. ಅವರ ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗಿನ ಎರಡು ಕಾಗದ. ತೂಗಬೇಕಾದರೆ ಕಲ್ಲನ್ನು ಉಂಗುರದಿಂದ ಬಿಡಿಸಬೇಕು. ಯಾರು ಬಿಡಿಸುವುದು ಎಂಬ ಪ್ರಶ್ನೆ ಬಂದಾಗ ಕಾಂತಿ ಗಂಡನ ಕಡೆ ನೋಡಿದರು.

"ಕೂರಿಸಿದವಳೇ ಬಿಡಿಸಲಿ" ಎಂದರು ಲೋಕನಾಥ.

ಲೋಲಾಕ್ಷಿ ಕೂತಳು. ನಾಲ್ಕು ಜನರ ಕಣ್ಣು ತನ್ನ ಬೆರಳಿನ ಮೇಲಿದ್ದರೂ ಕೈ ಅಲುಗಲಿಲ್ಲ. ಬಂಗಾರದ ಅಂಚನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸಿ, ಕಲ್ಲನ್ನು ಬಿಳಿ ಬಟ್ಟೆಯ ಮೇಲೆ ಇಳಿಸಿದಳು. ರಂಜಿತ್ ಅದನ್ನು ಚಿಮ್ಮಟದಲ್ಲಿ ಎತ್ತಿ ತಕ್ಕಡಿಯ ಗಾಜಿನೊಳಗೆ ಇಟ್ಟ. ಅಂಕಿಗಳು ಓಡಿ ನಿಂತವು. ಆಮೇಲೆ ವಜ್ರ ಪರೀಕ್ಷಿಸುವ ಯಂತ್ರದ ಮೊನೆಯನ್ನು ಕಲ್ಲಿಗೆ ತಾಗಿಸಿ ನೋಡಿದ.

"ಸರಿಯಾಗಿ ಒಂದು ಕ್ಯಾರೆಟ್. ಪಕ್ಕಾ ವಜ್ರವೇ" ಎಂದ.

ಕಾಂತಿ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಆದರೆ ಪ್ರಶ್ನೆ ಉಳಿದೇ ಇತ್ತು. "ಮತ್ತೆ ಅದು ಯಾಕೆ ದೊಡ್ಡದು, ಇದು ಯಾಕೆ ಸಣ್ಣದು?"

ರಂಜಿತ್ ಗೇಜ್ ಹಿಡಿದು ಅಳೆದ. ನಿಖಿತಾಳ ಕಲ್ಲಿನ ಅಗಲ ಆರೂವರೆ ಮಿಲಿಮೀಟರ್, ಆಳ ನಾಲ್ಕಕ್ಕೆ ಒಂದು ಕೂದಲೆಳೆ ಕಮ್ಮಿ. ಸುರಕ್ಷಾಳದ್ದು ಅಗಲ ಆರು ದಾಟಿ ಸ್ವಲ್ಪವೇ; ಆಳ ಮಾತ್ರ ನಾಲ್ಕು ದಾಟಿ ನಾಲ್ಕೂವರೆಯ ಹತ್ತಿರ. ಲೋಕನಾಥ ಕನ್ನಡಕ ಹಾಕಿಕೊಂಡು ಕಾಗದದಲ್ಲಿ ಬೆರಳಿಟ್ಟು ಹುಡುಕಿದರು. ಅಗಲ, ಆಳ, ಎಲ್ಲವೂ ಅಲ್ಲಿ ಬರೆದಿತ್ತು. ಗೇಜಿನ ಅಳತೆಗೂ ಕಾಗದಕ್ಕೂ ಒಂದಂಕಿಯ ವ್ಯತ್ಯಾಸವೂ ಇರಲಿಲ್ಲ. ಇಷ್ಟು ವರ್ಷ ಅವರು ಆ ಕಾಗದದಲ್ಲಿ ಓದಿದ್ದು ತೂಕದ ಸಾಲನ್ನು ಮಾತ್ರ.

"ಕಾಂತಕ್ಕ, ಒಂದು ಸೌಟು ಹಿಟ್ಟು ನೀರ್‌ದೋಸೆ ಹೊಯ್ದ್ರೆ ಕಾವಲಿ ತುಂಬ್ತದೆ" ಎಂದಳು ಲೋಲಾಕ್ಷಿ. "ಅಷ್ಟೇ ಹಿಟ್ಟು ಲೋಟಕ್ಕೆ ಹೊಯ್ದು ಬೇಯಿಸಿದ್ರೆ ಮೇಲಿಂದ ನೋಡುವಾಗ ಎಷ್ಟು ಕಾಣ್ತದೆ? ಲೋಟದ ಬಾಯಿಯಷ್ಟೇ. ಇದರ ತೂಕ ಹೊಟ್ಟೆಯಲ್ಲುಂಟು. ನಾವು ನೋಡುದು ಮುಖ ಮಾತ್ರ."

"ಅಷ್ಟೇ ಅಲ್ಲ, ಇನ್ನೂ ಒಂದುಂಟು" ಎಂದ ರಂಜಿತ್. "ಸರಿಯಾಗಿ ಕೊಯ್ದ ಕಲ್ಲಲ್ಲಿ ಒಳಗೆ ಹೋದ ಬೆಳಕು ಬುಡದಲ್ಲಿ ತಿರುಗಿ ಮೇಲೆಯೇ ಬರ್ತದೆ. ಅಂಚಿನವರೆಗೂ ಬೆಳಗ್ತದೆ, ಹಾಗಾಗಿ ಇದ್ದದ್ದಕ್ಕಿಂತ ದೊಡ್ಡದು ಕಾಣ್ತದೆ. ಬುಡ ಹೆಚ್ಚು ಆಳ ಆದ್ರೆ ಬೆಳಕು ಬದಿಯಿಂದ ಜಾರಿ ಹೋಗ್ತದೆ. ನಡುವೆ ಕಪ್ಪು. ಇದ್ದದ್ದಕ್ಕಿಂತಲೂ ಸಣ್ಣದು ಕಾಣ್ತದೆ."

"ಹಾಗಾದ್ರೆ ಕೊಯ್ಯುವವ ಯಾಕೆ ಹಾಗೆ ಕೊಯ್ದದ್ದು?" ಎಂದು ಕೇಳಿದರು ಲೋಕನಾಥ.

"ಸರಿಯಾಗಿ ಕೊಯ್ದಿದ್ರೆ ಎಂಬತ್ತು, ಎಂಬತ್ತೈದು ಸೆಂಟಿಗೆ ಇಳೀತಿತ್ತು ಅಣ್ಣ. ನೂರು ಸೆಂಟು ಅಂದ್ರೆ ಒಂದು ಕ್ಯಾರೆಟ್. ಆ ಹೆಸರಿಗೆ ಬೆಲೆ ಜಾಸ್ತಿ. ತೂಕ ಉಳಿಸ್ಲಿಕ್ಕೆ ಬುಡದಲ್ಲಿ ಬಿಟ್ಟದ್ದು."

ಲೋಕನಾಥ ಕನ್ನಡಕ ತೆಗೆದರು. "ನಾನು ಅಂಗಡಿಯವನಿಗೆ ಹೇಳಿದ್ದು ಒಂದೇ ಮಾತು. ದೊಡ್ಡವಳಿಗೆ ಒಂದು ಕ್ಯಾರೆಟ್ ಕೊಟ್ಟಿದ್ದಿ, ಸಣ್ಣವಳಿಗೂ ಒಂದು ಕ್ಯಾರೆಟ್ ಬೇಕು, ಒಂದು ಸೆಂಟು ಕಮ್ಮಿ ಆಗಬಾರದು ಅಂತ. ಅವ ಕೊಟ್ಟ, ನಾನು ತಂದೆ. ಬೇರೆ ಎಂತ ನೋಡ್ಬೇಕು ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದರು.

ಅಲ್ಲಿಯವರೆಗೆ ಗೋಡೆಗೊರಗಿ ನಿಂತಿದ್ದ ಸುರಕ್ಷಾ ತಂದೆಯ ಪಕ್ಕಕ್ಕೆ ಬಂದಳು.

"ಅಪ್ಪ, ನಾನು ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಲೋಲಾಕ್ಷಕ್ಕನ ಮೇಲೆ ನಂಗೆ ಸಂಶಯ ಇರ್ಲಿಲ್ಲ. ನೀವೇ ನಂಗೆ ಸಣ್ಣದು ತಂದು, ಒಂದು ಕ್ಯಾರೆಟ್ ಅಂತ ಹೇಳಿದ್ದು ಅಂತ ಗ್ರಹಿಸಿದ್ದೆ. ನಿಶ್ಚಿತಾರ್ಥದ ದಿನದಿಂದ ಅದೇ ತಲೆಯಲ್ಲಿತ್ತು."

ಲೋಕನಾಥ ಮಗಳ ಮುಖ ನೋಡಿದರು. ಗದರುತ್ತಾರೆ ಎಂದು ಕಾಂತಿ ಅಂದುಕೊಂಡರು. ಅವರು ಕಾಗದವನ್ನು ಮಗಳ ಕೈಯಲ್ಲಿಟ್ಟು, "ಇದು ಇನ್ನು ನಿನ್ನತ್ರವೇ ಇರಲಿ" ಎಂದರು, ಅಷ್ಟೆ. ಸುರಕ್ಷಾ ಅವರ ತೋಳಿಗೆ ತಲೆ ಆನಿಸಿ, ಅಳುವುದು ನಗುವುದು ಎರಡನ್ನೂ ಒಟ್ಟಿಗೆ ಮಾಡಿದಳು.

ಬೇಕಾದರೆ ಸೂರತ್ತಿಗೆ ಕಳಿಸಿ ಮತ್ತೆ ಕೊಯ್ಯಿಸಬಹುದು, ಹದಿನೈದು ಇಪ್ಪತ್ತು ಸೆಂಟು ಹೋದರೂ ಹೊಳಪು ಹೆಚ್ಚುತ್ತದೆ ಎಂದ ರಂಜಿತ್. ಸುರಕ್ಷಾ ಒಪ್ಪಲಿಲ್ಲ. "ಅಪ್ಪ ಒಂದು ಸೆಂಟು ಕಮ್ಮಿ ಆಗಬಾರದು ಅಂತ ತಂದದ್ದು. ಇರಲಿ" ಎಂದಳು.

ಆಗ ಲೋಲಾಕ್ಷಿ ಬಾಯಿ ಬಿಟ್ಟಳು. ಸುಮ್ಮನಿದ್ದರೂ ನಡೆಯುತ್ತಿತ್ತು, ಯಾರೂ ಕೇಳಿರಲಿಲ್ಲ. "ಪದಕದಲ್ಲಿ ಸುತ್ತಲಿನ ಕಲ್ಲುಗಳ ಹೊಳಪೂ ಸೇರಿ ಇದು ದೊಡ್ಡದು ಕಾಣ್ತಿತ್ತು. ಉಂಗುರದಲ್ಲಿ ಸಣ್ಣದು ಕಂಡದ್ದರಲ್ಲಿ ನನ್ನದೂ ಸ್ವಲ್ಪ ತಪ್ಪುಂಟು. ಗಟ್ಟಿ ಇರಲಿ ಅಂತ ಹಳದಿ ಬಂಗಾರದ ಅಂಚು ದಪ್ಪ ಮಾಡಿದೆ. ಅದು ಕಲ್ಲಿನ ಮುಖವನ್ನು ಇನ್ನಷ್ಟು ತಿಂದಿತು. ಕಲ್ಲಿನ ಬುಡ ಆಳ ಉಂಟು, ಮುಖ ಸಣ್ಣದು ಕಾಣ್ತದೆ ಅಂತ ಆ ದಿನವೇ ನಿಮಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ನಾಲ್ಕು ದಿನ ಕೊಡಿ. ಬಿಳಿ ಬಂಗಾರದಲ್ಲಿ ಕಾಗದದಷ್ಟು ತೆಳು ಅಂಚು ಕಟ್ಟಿ ಕೊಡ್ತೇನೆ. ಗ್ಲೌಸಿಗೂ ಸಿಕ್ಕುದಿಲ್ಲ, ಅಂಚು ಯಾವುದು ಕಲ್ಲು ಯಾವುದು ಅಂತಲೂ ಗೊತ್ತಾಗುದಿಲ್ಲ."

ಕಲ್ಲನ್ನು ಅಲ್ಲೇ ಪೊಟ್ಟಣ ಕಟ್ಟಿ ಕೊಡಬೇಕಾಯಿತು. ರಂಜಿತ್ ಅದನ್ನು ಕಾಂತಿಯ ಕಡೆ ಚಾಚಿದ. ಕಾಂತಿ ಅದನ್ನು ತೆಗೆದುಕೊಂಡು, ಲೋಲಾಕ್ಷಿಯ ಕೈ ಹಿಡಿದು, ಅಂಗೈ ಬಿಡಿಸಿ ಅದರೊಳಗೆ ಇಟ್ಟು ಬೆರಳು ಮಡಿಸಿದರು.

"ನೀನು ಮನಸ್ಸಿಗೆ ಹಚ್ಚಿಕೊಳ್ಬೇಡ ಲೋಲಾಕ್ಷಿ. ನಾನು ಹಾಗೆ ಬಂದು ಕೇಳಬಾರದಿತ್ತು. ಮೆಟ್ಟಿಲು ಇಳಿಯುವಾಗಲೇ ನಂಗೆ ಸರಿ ಕಾಣ್ಲಿಲ್ಲ. ತಪ್ಪಾಯ್ತು."

'ನೀನು' ಕೇಳಿದ ಲೋಲಾಕ್ಷಿ ತಲೆಯಾಡಿಸಿದಳು.

ನಾಲ್ಕು ದಿನ ಎಂದದ್ದನ್ನು ಅವಳು ಮೂರೇ ದಿನದಲ್ಲಿ ಮುಗಿಸಿದಳು. ಸುರಕ್ಷಾ ಕ್ಲಿನಿಕ್ಕಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಬಂದು ಉಂಗುರ ಹಾಕಿ, ಕಿಟಕಿಯ ಹತ್ತಿರ ಬೆರಳು ತಿರುಗಿಸಿ ನೋಡಿದಳು. ತೆಳು ಬಿಳಿ ಅಂಚು ಕಲ್ಲಿನೊಂದಿಗೆ ಸೇರಿಕೊಂಡು ಮುಖ ಅಗಲವಾದಂತೆ ಕಾಣುತ್ತಿತ್ತು. ಅಕ್ಕನದರಷ್ಟು ಇಲ್ಲ, ಆದರೆ ಹೆಚ್ಚು ಹಿಂದೆಯೂ ಇಲ್ಲ. ನಡುವಿನ ಕಪ್ಪು ಸ್ವಲ್ಪ ಹಾಗೆಯೇ ಇತ್ತು. ಕೈಗವಸು ಹಾಕಿ ತೆಗೆದು ಪರೀಕ್ಷೆಯನ್ನೂ ಮಾಡಿದಳು, ಎಲ್ಲೂ ಸಿಕ್ಕಲಿಲ್ಲ.

"ಆ ಅತ್ತೆ ಕೇಳಿದ್ರೆ ನಾನೇ ಹೇಳ್ತೇನೆ, ನಂದು ಆಳದ ಕಲ್ಲು ಅಂತ" ಎಂದು ನಕ್ಕು, ಮದುವೆಗೆ ಹಿಂದಿನ ದಿನವೇ ಬರಬೇಕೆಂದು ಕರೆದು ಹೋದಳು.

ಆಮೇಲಿನಿಂದ ಲೋಲಾಕ್ಷಿ ಒಂದು ಕ್ರಮ ಮಾಡಿಕೊಂಡಿದ್ದಾಳೆ. ಯಾರು ಕಲ್ಲು ತಂದರೂ ಅವರ ಎದುರೇ ತೂಗಿ, ಅಗಲ ಮತ್ತು ಆಳ ಅಳೆದು, ಚೀಟಿಯಲ್ಲಿ ಬರೆದು ಕೊಡುತ್ತಾಳೆ. ಕೂರಿಸಿದ ಮೇಲೆ ಹೇಗೆ ಕಾಣುತ್ತದೆ ಎಂದು ಮೊದಲೇ ಹೇಳುತ್ತಾಳೆ. ಒಂದು ಮೇಜಿನಲ್ಲಿ ಒಂದು ಹೊತ್ತಿಗೆ ಒಂದೇ ಕಲ್ಲು.

ಉಂಗುರ ಕೊಟ್ಟ ಆ ಮಧ್ಯಾಹ್ನ ಮಾತ್ರ ಅವಳು ಮತ್ತೆ ಚಿಮ್ಮಟ ಮುಟ್ಟಲಿಲ್ಲ. ಎರಡು ಗಂಟೆಗೇ ಕೋಣೆಗೆ ಬೀಗ ಹಾಕಿ, ಮೀನು ಮಾರ್ಕೆಟಿಗೆ ಹೋಗಿ, ಕೆಂಪು ಕಿವಿರಿನ ಆರು ಬಂಗುಡೆ ಆರಿಸಿದಳು. ಒಂದು ವಾರದಿಂದ ಅನ್ನ ಸರಿಯಾಗಿ ಗಂಟಲಲ್ಲಿ ಇಳಿದಿರಲಿಲ್ಲ. ಮನೆಗೆ ಹೋಗಿ ಮಸಾಲೆ ಅರೆದಳು. ಹುಳಿಖಾರದ ಪುಳಿಮುಂಚಿ ಕುದಿಯುವ ವಾಸನೆಗೆ ತುಕ್ರಪ್ಪ ಆಟೋ ನಿಲ್ಲಿಸಿ ಒಳಗೆ ಬಂದು, ಕೈ ತೊಳೆದು, ಬಟ್ಟಲು ಇಟ್ಟುಕೊಂಡ. ಇಬ್ಬರೂ ಎರಡೆರಡು ಸಲ ಅನ್ನ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡರು.